ಅಂತಾರಾಷ್ಟ್ರೀಯ ಸಮುದಾಯ ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಪದವಿ: ಯಾರು ಓದಬೇಕು, ಏನನ್ನು ನೋಡಿ ಆರಿಸಿಕೊಳ್ಳಬೇಕು?

ಕ್ಷೇತ್ರ ಸಂಯೋಜಕಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ವಾಣಿಜ್ಯ ಪದವಿ ಮುಗಿಸಿದ ಮೇಲೆ ಕೆಲವು ವರ್ಷಗಳಿಂದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕುಡಿಯುವ ನೀರು ಮತ್ತು ಮಹಿಳಾ ಉಳಿತಾಯ ಗುಂಪುಗಳ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಗುಂಪು ಕಟ್ಟುವುದು, ಸಭೆ ನಡೆಸುವುದು, ಲೆಕ್ಕ ಬರೆಸುವುದು ಇವೆಲ್ಲ ಕೈಗೆ ಹತ್ತಿವೆ. ಆದರೆ ಒಂದು ಊರಿನಲ್ಲಿ ಫಲಿಸಿದ ಕಾರ್ಯಕ್ರಮ ಪಕ್ಕದ ಊರಿನಲ್ಲಿ ಏಕೆ ನೆಲಕಚ್ಚುತ್ತದೆ ಎಂಬ ಪ್ರಶ್ನೆಗೆ ನನ್ನಲ್ಲಿಯೂ, ನನ್ನ ಮೇಲಿನವರಲ್ಲಿಯೂ ಸಮಾಧಾನಕರವಾದ ಉತ್ತರವಿಲ್ಲ. ಹಾಗಾಗಿ ಅಂತಾರಾಷ್ಟ್ರೀಯ ಸಮುದಾಯ ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಲೋಚನೆ ಬಲವಾಗುತ್ತಿದೆ. ಈ ವಿಷಯವನ್ನು ಓದಿದವರು, ಕಲಿಸುವವರು, ಓದಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ಇದಕ್ಕೂ ಅಭಿವೃದ್ಧಿ ಅಧ್ಯಯನ ಅಥವಾ ಸಮಾಜಕಾರ್ಯದ ಪದವಿಗೂ ಇರುವ ವ್ಯತ್ಯಾಸವೇನು? ನೆರವಿನ ಹಣ ಎಲ್ಲೆಡೆ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಇದನ್ನು ಓದುವುದು ವಿವೇಕವೇ? ಕೆಲಸ ಬಿಟ್ಟೇ ಓದಬೇಕೇ, ಇಲ್ಲವೇ ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಓದಬಹುದೇ?

ಬೋಧಕಿ

ಸಂಯೋಜಕಿಯವರೇ, ತಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಇದನ್ನು ಸ್ಪಷ್ಟಪಡಿಸಿಕೊಳ್ಳದೆ ಸೇರಿದ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರಿನಲ್ಲಿಯೇ ತಬ್ಬಿಬ್ಬಾಗುವುದನ್ನು ನೋಡುತ್ತಿರುತ್ತೇನೆ. ಅಭಿವೃದ್ಧಿ ಅಧ್ಯಯನವು ಹೆಚ್ಚಾಗಿ ಸರ್ಕಾರ, ಮಾರುಕಟ್ಟೆ, ವಿದೇಶಿ ಸಾಲ, ಬಡತನದ ಅಳತೆ ಇಂಥವುಗಳನ್ನು ದೇಶದ ಮಟ್ಟದಲ್ಲಿಟ್ಟು ನೋಡುತ್ತದೆ. ಸಮಾಜಕಾರ್ಯವು ವ್ಯಕ್ತಿ ಮತ್ತು ಕುಟುಂಬದ ಸಂಕಟದಿಂದ ಹೊರಡುತ್ತದೆ; ಹಲವು ದೇಶಗಳಲ್ಲಿ ಆ ಪದವಿಯಿದ್ದರೆ ಮಾತ್ರ ವೃತ್ತಿ ನೋಂದಣಿ ಸಿಗುತ್ತದೆ. ಸಮುದಾಯ ಅಭಿವೃದ್ಧಿಯ ಪ್ರಶ್ನೆಗಳು ಇವೆರಡರ ನಡುವೆ ಹುಟ್ಟುತ್ತವೆ: ಜನರು ಒಟ್ಟಾಗಿ ತಮ್ಮ ಬದುಕಿಗೆ ಸಂಬಂಧಿಸಿದ ನಿರ್ಧಾರಗಳ ಮೇಲೆ ಹಿಡಿತ ಪಡೆಯುವುದು ಹೇಗೆ, ಅದಕ್ಕೆ ಅಡ್ಡ ಬರುವ ಶಕ್ತಿಗಳು ಯಾವುವು, ಹೊರಗಿನಿಂದ ಬಂದ ಕಾರ್ಯಕರ್ತರು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು. 1953ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಮುದಾಯ ಅಭಿವೃದ್ಧಿ ಸಂಘವು 2016ರಲ್ಲಿ ಅಂಗೀಕರಿಸಿದ ನಿರೂಪಣೆಯಲ್ಲಿ ಇದು ಅನುಭವವನ್ನು ಆಧರಿಸಿದ ವೃತ್ತಿಯೂ ಹೌದು, ಅಧ್ಯಯನದ ಶಿಸ್ತೂ ಹೌದು. ಆದ್ದರಿಂದ ಕ್ಷೇತ್ರಕಾರ್ಯವೇ ಇಲ್ಲದ ಪಠ್ಯಕ್ರಮವನ್ನು ಈ ಹೆಸರಿನಿಂದ ಕರೆಯಲು ನಾನು ಒಪ್ಪುವುದಿಲ್ಲ.

ಪಠ್ಯದ ಮೊದಲ ಭಾಗ ಸಾಮಾನ್ಯವಾಗಿ ಇತಿಹಾಸವಾಗಿರುತ್ತದೆ. ಅದನ್ನು ಬೇಗ ಮುಗಿಸಿಬಿಡೋಣ ಎಂದು ವಿದ್ಯಾರ್ಥಿಗಳು ಆತುರಪಡುತ್ತಾರೆ, ಆದರೆ ತಾವು ಹುಡುಕುತ್ತಿರುವ ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ. ಅಮೆರಿಕದ ಅಧ್ಯಕ್ಷ ಟ್ರೂಮನ್ 1949ರ ಜನವರಿ 20ರ ಭಾಷಣದಲ್ಲಿ ಹಿಂದುಳಿದ ಪ್ರದೇಶಗಳಿಗೆ ತಾಂತ್ರಿಕ ನೆರವು ನೀಡುವ ಮಾತನ್ನಾಡಿದ ಮೇಲೆ ಅಭಿವೃದ್ಧಿ ಎನ್ನುವುದು ದೇಶದೇಶಗಳ ನಡುವಿನ ಕಾರ್ಯಸೂಚಿಯಾಯಿತು. ಭಾರತದಲ್ಲಿ 1952ರ ಅಕ್ಟೋಬರ್ 2ರಂದು 55 ಯೋಜನಾ ಪ್ರದೇಶಗಳಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಐದೇ ವರ್ಷಗಳಲ್ಲಿ, ಆ ಕಾರ್ಯಕ್ರಮವನ್ನು ಪರಿಶೀಲಿಸಿದ 1957ರ ಬಲವಂತರಾಯ್ ಮೆಹ್ತಾ ಸಮಿತಿಯು, ಜನರ ಪಾಲ್ಗೊಳ್ಳುವಿಕೆ ಹುಟ್ಟಿಲ್ಲವೆಂದೂ, ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ನಿಜವಾದ ಅಧಿಕಾರ ಕೊಡದೆ ಅದು ಹುಟ್ಟುವುದಿಲ್ಲವೆಂದೂ ವರದಿ ಮಾಡಿತು. ತಾಂಜಾನಿಯಾದಲ್ಲಿ ಸಮಾಜವಾದ ಮತ್ತು ಸ್ವಾವಲಂಬನೆಯ ನೀತಿಯನ್ನು ಸಾರಿದ 1967ರ ಅರುಷಾ ಘೋಷಣೆಯ ನಂತರ ಸಹಕಾರಿ ಗ್ರಾಮಗಳ ಆದರ್ಶ ಸ್ವಯಂಪ್ರೇರಣೆಯಿಂದ ಆರಂಭವಾಗಿ, 1973ರಿಂದಾಚೆಗೆ ಜನರನ್ನು ಬಲವಂತವಾಗಿ ಸ್ಥಳಾಂತರಿಸುವ ಹಂತಕ್ಕೆ ಹೋಯಿತು.

ನನ್ನ ತರಗತಿಗಳಲ್ಲಿ ಹೆಚ್ಚು ಹೊತ್ತು ಚರ್ಚೆಯಾಗುವುದು ದಕ್ಷಿಣ ಕೊರಿಯಾದ ಸೆಮೌಲ್ (ಹೊಸ ಹಳ್ಳಿ) ಚಳವಳಿ. 1970ರ ಕೊನೆಯಲ್ಲಿ ಅಲ್ಲಿನ ಸರ್ಕಾರವು ಸುಮಾರು 33,000 ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟ್ ಹಂಚಿ, ಇದನ್ನು ಊರಿನ ಸಾಮೂಹಿಕ ಕೆಲಸಕ್ಕೆ ಮಾತ್ರ ಬಳಸಬೇಕು ಎಂಬ ಷರತ್ತು ಹಾಕಿತು. ಮರುವರ್ಷ, ಚೆನ್ನಾಗಿ ಬಳಸಿಕೊಂಡ ಸುಮಾರು 16,600 ಹಳ್ಳಿಗಳಿಗೆ ಮಾತ್ರ ತಲಾ 500 ಚೀಲ ಸಿಮೆಂಟ್ ಮತ್ತು 1 ಟನ್ ಕಬ್ಬಿಣ ದೊರೆಯಿತು. ಇದನ್ನು ಯಶಸ್ಸು ಎನ್ನಬೇಕೇ? ರಸ್ತೆ, ಸೇತುವೆಗಳು ಎದ್ದು ನಿಂತದ್ದು ನಿಜ. ಅದು ಪಾರ್ಕ್ ಚುಂಗ್ ಹೀ ಅವರ ಸರ್ವಾಧಿಕಾರದ ಕಾಲವೆಂಬುದೂ, ಬೇಡವೆನ್ನುವ ಸ್ವಾತಂತ್ರ್ಯ ಹಳ್ಳಿಗರಿಗೆ ಎಷ್ಟಿತ್ತು ಎಂಬುದು ಇಂದಿಗೂ ವಾದದ ವಿಷಯವೆಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸಲು ಕಲಿಯುವುದೇ ಈ ಓದಿನ ಫಲವೆಂದು ನಾನು ನಂಬಿದ್ದೇನೆ.

ಒಂದು ಊರಿನಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಏಕೆ ಫಲಿಸುವುದಿಲ್ಲ ಎಂದು ಕೇಳಿದ್ದೀರಿ. ಜನರ ಪಾಲ್ಗೊಳ್ಳುವಿಕೆಯನ್ನು ಅಳೆಯಲು ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಮುಂದಿಟ್ಟರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಪಾಲ್ಗೊಳ್ಳುವಿಕೆಯೇ ಇರುವುದಿಲ್ಲ. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಇಷ್ಟೇ ನಡೆಯುತ್ತದೆ. ಮೇಲಿನ ಮೂರರಲ್ಲಿ ಮಾತ್ರ ನಿರ್ಧಾರದ ಅಧಿಕಾರ ಜನರ ಕೈಗೆ ಬರುತ್ತದೆ. ತಮ್ಮ ಎರಡೂ ಊರುಗಳ ಸಭೆಯ ನಡಾವಳಿ ಪುಸ್ತಕಗಳನ್ನು ಒಮ್ಮೆ ಈ ಏಣಿಯ ಪಕ್ಕದಲ್ಲಿಟ್ಟು ಓದಿ ನೋಡಿ.

ಯೋಜನಾ ವ್ಯವಸ್ಥಾಪಕ

ನಾನು ನೇಮಕಾತಿ ಸಮಿತಿಗಳಲ್ಲಿ ಕೂರುವವನಾದ್ದರಿಂದ ಉದ್ಯೋಗದ ಪ್ರಶ್ನೆಗೆ ಉತ್ತರಿಸುತ್ತೇನೆ. ಈ ವಿಷಯದಲ್ಲಿ ಆಸೆ ಹುಟ್ಟಿಸಿ ಯಾರನ್ನೂ ಸಾಲದ ಹೊರೆಗೆ ತಳ್ಳಬಾರದು.

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟನ್ನು ನೆರವಿಗೆ ಮೀಸಲಿಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿಯೇ ಒಪ್ಪಿಕೊಂಡಿತ್ತು. ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯಷ್ಟು. ಬ್ರಿಟನ್ ತನ್ನ ಪಾಲನ್ನು ಶೇಕಡಾ 0.5ರಿಂದ 2027ರ ಹೊತ್ತಿಗೆ ಶೇಕಡಾ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದೇ ವರ್ಷ ಜುಲೈ 1ರಂದು ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಪ್ರತ್ಯೇಕ ಸಂಸ್ಥೆಯಾಗಿ ಕೆಲಸ ನಿಲ್ಲಿಸಿ, ಉಳಿದ ಕಾರ್ಯಕ್ರಮಗಳು ಆ ದೇಶದ ವಿದೇಶಾಂಗ ಇಲಾಖೆಯ ಅಡಿಗೆ ಹೋದವು. ಇದರಿಂದಾಗಿ ಹತ್ತು ಹದಿನೈದು ವರ್ಷಗಳ ಅನುಭವವುಳ್ಳವರು ಕೆಲಸ ಕಳೆದುಕೊಂಡು, ಹೊಸದಾಗಿ ಪದವಿ ಪಡೆದವರು ಅರ್ಜಿ ಹಾಕುವ ಹುದ್ದೆಗಳಿಗೇ ಅರ್ಜಿ ಹಾಕುತ್ತಿದ್ದಾರೆ. ದೊಡ್ಡ ದಾನಿ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಕೆಲಸ ಸಿಗುತ್ತದೆ ಎಂಬ ಒಂದೇ ನಿರೀಕ್ಷೆಯಿಂದ ಈ ಪದವಿಗೆ ಸೇರಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ.

ಆದರೆ ಕೆಲಸ ಇಲ್ಲವೇ ಇಲ್ಲ ಎಂದಲ್ಲ. ಸ್ಥಳೀಯ ಆಡಳಿತ ಸಂಸ್ಥೆಗಳು, ವಸತಿ ಸಹಕಾರ ಸಂಘಗಳು, ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳು, ನಿರಾಶ್ರಿತರ ಪುನರ್ವಸತಿ, ಹವಾಮಾನ ಹೊಂದಾಣಿಕೆಯ ಯೋಜನೆಗಳು ಇವೆಲ್ಲವೂ ಸಮುದಾಯದ ಜೊತೆ ಕೆಲಸ ಮಾಡಬಲ್ಲವರನ್ನು ಹುಡುಕುತ್ತವೆ. ಸಂದರ್ಶನದಲ್ಲಿ ನಾವು ಪರೀಕ್ಷಿಸುವುದು ಕೆಲವೇ ಸಂಗತಿಗಳನ್ನು. ಬಜೆಟ್ ಹಾಕಲು ಬರುತ್ತದೆಯೇ? ಸಮೀಕ್ಷೆಯ ದತ್ತಾಂಶವನ್ನು ಶುದ್ಧಗೊಳಿಸಿ ಎರಡು ಪುಟಗಳಲ್ಲಿ ಅರ್ಥ ಹೇಳಬಲ್ಲಿರಾ? ಲಾಗ್‌ಫ್ರೇಮ್ ಓದಬಲ್ಲಿರಾ?

ಈ ಕೊನೆಯದನ್ನು ಸ್ವಲ್ಪ ವಿವರಿಸುತ್ತೇನೆ. ಲಾಗ್‌ಫ್ರೇಮ್ ಎನ್ನುವುದು 1969ರಲ್ಲಿ ಯುಎಸ್‌ಏಡ್‌ಗಾಗಿ ರೂಪುಗೊಂಡ ಕೋಷ್ಟಕ. ನಾಲ್ಕು ಸಾಲುಗಳಲ್ಲಿ ದೂರದ ಗುರಿ, ಯೋಜನೆಯ ಉದ್ದೇಶ, ಅದರಿಂದ ಹೊರಬರುವ ಫಲಗಳು, ಮಾಡುವ ಚಟುವಟಿಕೆಗಳು. ನಾಲ್ಕು ಕಂಬಗಳಲ್ಲಿ ವಿವರಣೆ, ಸೂಚಕ, ಪುರಾವೆಯ ಮೂಲ, ಪೂರ್ವಗ್ರಹಿಕೆ (ಯೋಜನೆ ಫಲಿಸಲು ನಿಜವಾಗಿರಬೇಕೆಂದು ನಾವು ಊಹಿಸಿಕೊಂಡದ್ದು). ಅಭ್ಯರ್ಥಿಗಳು ಮೊದಲ ಮೂರು ಕಂಬಗಳನ್ನು ಅಚ್ಚುಕಟ್ಟಾಗಿ ತುಂಬುತ್ತಾರೆ. ಕೊನೆಯ ಕಂಬದಲ್ಲಿ 'ಸಮುದಾಯ ಸಹಕರಿಸುತ್ತದೆ' ಎಂದು ಬರೆದು ಮುಗಿಸುತ್ತಾರೆ. ಯಾವ ಸಮುದಾಯ, ಅದರೊಳಗೆ ಯಾರು, ಯಾವ ಕಾರಣಕ್ಕೆ ಸಹಕರಿಸುತ್ತಾರೆ, ಸಹಕರಿಸದಿದ್ದರೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಒಳ್ಳೆಯ ಪಠ್ಯಕ್ರಮದಲ್ಲಿ ಓದಿದವರು ಅಲ್ಲಿಂದ ಮಾತನಾಡಲು ಆರಂಭಿಸುತ್ತಾರೆ, ಉಳಿದವರು ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. ವಾಣಿಜ್ಯ ಓದಿರುವ ತಮಗೆ ಲೆಕ್ಕಪತ್ರ ತಿಳಿದಿದೆ; ಈ ಕ್ಷೇತ್ರದಲ್ಲಿ ಅದು ಅಪರೂಪದ ಬಲ, ಅರ್ಜಿಯಲ್ಲಿ ಅದನ್ನು ಮರೆಮಾಡಬೇಡಿ.

ಹಳೆಯ ವಿದ್ಯಾರ್ಥಿ

ಇತ್ತೀಚೆಗೆ ಈ ಪದವಿ ಮುಗಿಸಿದವನಾಗಿ ಓದಿನ ಒಳಗಿನ ಸಂಗತಿಗಳನ್ನು ಬರೆಯುತ್ತೇನೆ. ಬ್ರಿಟನ್ನಿನ ಒಂದು ವರ್ಷದ ಪದವಿಯಲ್ಲಿ ಸಾಮಾನ್ಯವಾಗಿ 180 ಕ್ರೆಡಿಟ್‌ಗಳು. ಒಂದು ಕ್ರೆಡಿಟ್‌ಗೆ 10 ಗಂಟೆಯ ಕಲಿಕೆ ಎಂಬ ಲೆಕ್ಕದಲ್ಲಿ ಅದು 1,800 ಗಂಟೆಗಳ ಕೆಲಸ, ಮತ್ತು ಅದರಲ್ಲಿ ಬಹುಮಟ್ಟಿಗೆ 60 ಕ್ರೆಡಿಟ್ ಸಂಶೋಧನಾ ಪ್ರಬಂಧಕ್ಕೆ ಹೋಗುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ವರ್ಷಕ್ಕೆ 60 ಕ್ರೆಡಿಟ್, ತಲಾ 25ರಿಂದ 30 ಗಂಟೆ, ಒಟ್ಟು 90 ಅಥವಾ 120 ಕ್ರೆಡಿಟ್‌ಗಳಿಗೆ ಪದವಿ. ಎರಡು ವರ್ಷದ ಪದವಿಯಲ್ಲಿ ಕ್ಷೇತ್ರಕಾರ್ಯಕ್ಕೆ ಉಸಿರಾಡಲು ಸ್ಥಳವಿರುತ್ತದೆ. ಒಂದು ವರ್ಷದ ಪದವಿಯಲ್ಲಿ ಪ್ರಬಂಧದ ವಿಷಯವನ್ನು ಸೇರುವ ಮೊದಲೇ ಯೋಚಿಸಿಕೊಂಡಿರದಿದ್ದರೆ, ನೈತಿಕ ಪರಿಶೀಲನಾ ಸಮಿತಿಯ ಅನುಮತಿ ಬರುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ.

ಆ ನೈತಿಕ ಅನುಮತಿಯನ್ನು ಅನೇಕರು ಕಾಗದಪತ್ರದ ಕಿರಿಕಿರಿ ಎಂದುಕೊಳ್ಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ, ಮನುಷ್ಯರನ್ನು ಒಳಗೊಂಡ ಸಂಶೋಧನೆಯ ನೀತಿ ಕುರಿತ ಬೆಲ್ಮಾಂಟ್ ವರದಿಯು ವ್ಯಕ್ತಿಗೆ ಗೌರವ, ಹಿತ ಮತ್ತು ನ್ಯಾಯ ಎಂಬ ಮೂರು ತತ್ತ್ವಗಳನ್ನು ಹೇಳಿತು. ಅವುಗಳನ್ನು ಸಮುದಾಯದ ಕೆಲಸಕ್ಕೆ ಅನ್ವಯಿಸಲು ಹೋದಾಗಲೇ ತೊಡಕುಗಳು ಕಾಣುತ್ತವೆ. ಸಹಾಯ ಮಾಡುವ ಸಂಸ್ಥೆಯ ಜೀಪಿನಲ್ಲಿ ಬಂದಿಳಿದ ವಿದ್ಯಾರ್ಥಿಗೆ ಒಬ್ಬ ಮಹಿಳೆ ಸಂದರ್ಶನ ಕೊಡುವುದಿಲ್ಲ ಎಂದು ಹೇಳಬಲ್ಲಳೇ? ಹೇಳಿದರೆ ಮುಂದಿನ ಪಟ್ಟಿಯಲ್ಲಿ ತನ್ನ ಹೆಸರು ಬಿಟ್ಟುಹೋದೀತು ಎಂಬ ಅಂಜಿಕೆ ಅವಳಿಗಿದ್ದರೆ, ಸಹಿ ಮಾಡಿದ ಒಪ್ಪಿಗೆ ಪತ್ರದ ಬೆಲೆಯೇನು?

ವಿಧಾನಗಳ ತರಗತಿಯಲ್ಲಿ ಕಲಿತು, ಕ್ಷೇತ್ರದಲ್ಲಿ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ರಾಬರ್ಟ್ ಚೇಂಬರ್ಸ್ ಮತ್ತು ಅವರ ಜೊತೆಗಾರರು ಬೆಳೆಸಿದ ಸಹಭಾಗಿ ಗ್ರಾಮೀಣ ಸಮೀಕ್ಷೆಯಲ್ಲಿ ಊರಿನವರೇ ನೆಲದ ಮೇಲೆ ನಕ್ಷೆ ಬರೆಯುತ್ತಾರೆ, ಹೊರಗಿನವರು ಕೋಲನ್ನು ಅವರ ಕೈಗೆ ಕೊಟ್ಟು ಸುಮ್ಮನಿರಬೇಕು. ನಾವು ಕೋಲು ಕೊಟ್ಟಾಗ ಗಂಡಸರು ಮುಂದೆ ಬಂದು ರಸ್ತೆ, ಗಡಿ, ಶಾಲೆ, ಹೊಲಗಳನ್ನು ಬರೆದರು. ನಕ್ಷೆ ನೋಡಲು ಪೂರ್ಣವಾಗಿಯೇ ಇತ್ತು. ಮಾರ್ಗದರ್ಶಕರು ಹೆಂಗಸರಿಗೆ ಬೇರೆ ಜಾಗದಲ್ಲಿ, ಬೇರೆ ಸಮಯದಲ್ಲಿ ಇದೇ ಕೆಲಸ ಮಾಡಿಸಿದರು. ಅವರ ನಕ್ಷೆಯಲ್ಲಿ ರಸ್ತೆಗಿಂತ ಕಾಲುದಾರಿಗಳೇ ಹೆಚ್ಚಾಗಿದ್ದವು. ಸಂಜೆಯ ಮೇಲೆ ಹೋಗಲಾಗದ ಜಾಗಗಳಿಗೆ ಕಲ್ಲು ಇಟ್ಟಿದ್ದರು, ನೀರಿನ ಮೂಲದ ಪಕ್ಕದಲ್ಲಿ ಕಾಯುವ ಸರದಿಯನ್ನು ಗೆರೆಗಳಿಂದ ತೋರಿಸಿದ್ದರು. ಯೋಜನೆಯ ಪ್ರಸ್ತಾವನೆಯಲ್ಲಿದ್ದ ಬೀದಿದೀಪಗಳೆಲ್ಲ ರಸ್ತೆಯುದ್ದಕ್ಕೂ ಇದ್ದವು, ಕಲ್ಲಿಟ್ಟ ಜಾಗಗಳಲ್ಲಿ ಒಂದೂ ಇರಲಿಲ್ಲ. ಸಮಾಜಶಾಸ್ತ್ರಜ್ಞೆ ಮ್ಯಾಕ್ಸಿನ್ ಮೋಲಿನ್ಯೂ 1985ರಲ್ಲಿ ಬರೆದ, ಮಹಿಳೆಯರ ದಿನನಿತ್ಯದ ಅಗತ್ಯಕ್ಕೂ ಅವರ ಸ್ಥಾನವನ್ನೇ ಬದಲಿಸುವ ಹಿತಾಸಕ್ತಿಗೂ ಇರುವ ಅಂತರ ನನಗೆ ಓದಿನಿಂದ ಅರ್ಥವಾಗಿತ್ತು. ದೀಪ ಎಲ್ಲಿ ನೆಡಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಆ ಮಹಿಳೆಯರು ಇರಲೇ ಇಲ್ಲ ಎಂಬುದು ಮನದಟ್ಟಾದದ್ದು ಅಲ್ಲಿ.

ಸಮುದಾಯ ಸಂಘಟಕ

ಬೋಧಕಿಯವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಸಮುದಾಯದ ಜೊತೆ ಕೆಲಸ ಮಾಡಲು ಸ್ನಾತಕೋತ್ತರ ಪದವಿ ಬೇಕು ಎಂಬ ಷರತ್ತೇ ಸಮುದಾಯದೊಳಗಿಂದ ಬಂದವರನ್ನು ಹೊರಗಿಡುತ್ತದೆ. ಹತ್ತಾರು ವರ್ಷ ನೀರಿನ ಸಮಿತಿಯನ್ನು ನಡೆಸಿದ ಮಹಿಳೆ ಕ್ಷೇತ್ರ ಸಹಾಯಕಿಯಾಗಿಯೇ ಉಳಿಯುತ್ತಾಳೆ, ದೂರದ ವಿಶ್ವವಿದ್ಯಾಲಯದಿಂದ ಬಂದ ಯುವಕ ಅವಳಿಗೆ ಮೇಲಧಿಕಾರಿಯಾಗುತ್ತಾನೆ. ಮಾನವೀಯ ನೆರವಿನ ಹಣದಲ್ಲಿ ಶೇಕಡಾ 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ತಲುಪಿಸುತ್ತೇವೆಂದು ದೊಡ್ಡ ದಾನಿಗಳು 2016ರ ಇಸ್ತಾಂಬುಲ್ ಶೃಂಗಸಭೆಯಲ್ಲಿ ಮಾತು ಕೊಟ್ಟರು. 2020ರ ಗಡುವು ಕಳೆದರೂ ನೇರವಾಗಿ ತಲುಪುವ ಪಾಲು ಅದರ ಹತ್ತಿರಕ್ಕೂ ಬಂದಿಲ್ಲ. ಲೆಕ್ಕಪತ್ರ, ವರದಿಯ ಭಾಷೆ, ಅರ್ಹತಾ ಪ್ರಮಾಣಪತ್ರ ಇವೇ ಪ್ರತಿಸಲವೂ ಕೊಡುವ ಕಾರಣಗಳು.

ಓದಿದ ತಜ್ಞರು ಜನರ ಬದುಕನ್ನು ಸರಿಯಾಗಿ ನೋಡುತ್ತಾರೆ ಎಂಬ ಭರವಸೆಯೂ ಇಲ್ಲ. ಮಾನವಶಾಸ್ತ್ರಜ್ಞ ಜೇಮ್ಸ್ ಫರ್ಗ್ಯುಸನ್ ಆಫ್ರಿಕಾದ ಲೆಸೊಥೊ ದೇಶದ ಥಾಬಾ ತ್ಸೇಕಾ ಗ್ರಾಮೀಣ ಅಭಿವೃದ್ಧಿ ಯೋಜನೆಯ ಬಗ್ಗೆ ತೋರಿಸಿಕೊಟ್ಟದ್ದು ಇದನ್ನೇ. ಆ ದೇಶದ ಕುಟುಂಬಗಳು ಬಹುಮಟ್ಟಿಗೆ ದಕ್ಷಿಣ ಆಫ್ರಿಕಾದ ಗಣಿಗಳಿಗೆ ದುಡಿಯಲು ಹೋದವರ ಸಂಬಳದ ಮೇಲೆ ನಿಂತಿದ್ದರೂ, ಯೋಜನೆಯ ದಾಖಲೆಗಳು ಅವರನ್ನು ಮಾರುಕಟ್ಟೆಯ ಸೋಂಕಿಲ್ಲದ ರೈತರೆಂದು ಚಿತ್ರಿಸಿ, ದನ ಮಾರಲು ಕಲಿಸಿಕೊಟ್ಟರೆ ಬಡತನ ನೀಗುತ್ತದೆಂದು ಹೇಳಿದವು. ಹಣ ಖರ್ಚಾಯಿತು, ಸರ್ಕಾರಿ ಕಚೇರಿಗಳು ಬಂದವು, ಬಡತನ ಉಳಿಯಿತು.

ಸಂಯೋಜಕಿಯವರಿಗೆ ಬೇರೆ ದಾರಿಗಳೂ ಇವೆ. ಕೆನಡಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯದಲ್ಲಿ 1959ರಿಂದ ನಡೆಯುತ್ತಿರುವ ಕೋಡಿ ಸಂಸ್ಥೆಯು, ಮೀನುಗಾರರ ಮತ್ತು ಗಣಿ ಕಾರ್ಮಿಕರ ಅಧ್ಯಯನ ವೃತ್ತಗಳಿಂದ ಹುಟ್ಟಿದ ಸಹಕಾರಿ ಚಳವಳಿಯ ಪರಂಪರೆಯದು. ಅಲ್ಲಿ ಕೆಲಸದಲ್ಲಿರುವವರಿಗಾಗಿಯೇ ಅಲ್ಪಾವಧಿಯ ತರಬೇತಿಗಳಿವೆ. ಎರಡು ವರ್ಷ ಮತ್ತು ದೊಡ್ಡ ಮೊತ್ತವನ್ನು ಸುರಿಯುವ ಮೊದಲು ಇಂಥದ್ದನ್ನು ಯೋಚಿಸಬಾರದೇಕೆ?

ಬೋಧಕಿ

ಸಂಘಟಕರ ಮಾತಿನಲ್ಲಿ ಸತ್ಯವಿದೆ. ಅನುಭವವುಳ್ಳವರನ್ನು ಪದವಿಯಿಲ್ಲವೆಂದು ತಡೆಯುವುದು ಅನ್ಯಾಯ. ಕೆಲವು ವಿಶ್ವವಿದ್ಯಾಲಯಗಳು ಕೆಲಸದ ಅನುಭವವನ್ನೇ ಅರ್ಹತೆಯಾಗಿ ಪರಿಗಣಿಸಿ ಪ್ರವೇಶ ಕೊಡುತ್ತವೆ, ಎಲ್ಲವೂ ಹಾಗೆ ಮಾಡಬೇಕು. ಆದರೆ ಲೆಸೊಥೊದ ಉದಾಹರಣೆಯಿಂದ ನಾನು ಬೇರೆ ತೀರ್ಮಾನಕ್ಕೆ ಬರುತ್ತೇನೆ. ಆ ದಾಖಲೆಗಳಲ್ಲಿನ ಸುಳ್ಳನ್ನು ಬಯಲಿಗೆಳೆದದ್ದೂ ತಾಳ್ಮೆಯ ಅಧ್ಯಯನವೇ. ಸಂಸ್ಥೆಗಳು ಬರೆಯುವ ಭಾಷೆಯನ್ನು ಬಲ್ಲವರು ಸಮುದಾಯದ ಪರವಾಗಿ ನಿಂತು ಅದನ್ನು ಪ್ರಶ್ನಿಸದಿದ್ದರೆ, ಅದೇ ಭಾಷೆಯಲ್ಲಿ ಮುಂದಿನ ಯೋಜನೆಯೂ ಬರುತ್ತದೆ. ಶಿಕ್ಷಣ ಚಿಂತಕ ಪಾಲೊ ಫ್ರೇರಿ 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್‌ನಲ್ಲಿ ಸುಮಾರು 300 ಜನ ದುಡಿಯುವವರಿಗೆ ಸುಮಾರು 40 ಗಂಟೆಗಳ ಪಾಠಗಳಲ್ಲಿ ಓದುಬರಹ ಕಲಿಸಿದಾಗ, ಪಾಠದ ಪದಗಳನ್ನು ಆ ಜನರ ಬದುಕಿನಿಂದಲೇ ಹೆಕ್ಕಿಕೊಂಡಿದ್ದರು. ಮರುವರ್ಷದ ಸೇನಾ ದಂಗೆಯ ನಂತರ ಆ ಕಾರ್ಯಕ್ರಮ ನಿಂತಿತು, ಅವರು ಸೆರೆಮನೆ ಕಂಡು ದೇಶ ಬಿಡಬೇಕಾಯಿತು. ಕಲಿಕೆ ಅಷ್ಟು ನಿರುಪದ್ರವಿಯಾಗಿದ್ದರೆ ಅದನ್ನು ನಿಲ್ಲಿಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆಯನ್ನು ನೇರವಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯದ ಜಾಗತಿಕ ಶ್ರೇಯಾಂಕವನ್ನು ಬದಿಗಿಡಿ. ಆ ಪಠ್ಯಕ್ರಮ ತಮ್ಮನ್ನು ಯಾವ ಸಮುದಾಯದ ಮುಂದೆ ನಿಲ್ಲಿಸುತ್ತದೆ, ಮತ್ತು ಅಲ್ಲಿ ತಾವು ಯಾರಿಗೆ ಉತ್ತರದಾಯಿ ಎಂಬುದನ್ನು ವಿಚಾರಿಸಿ. ಕ್ಷೇತ್ರಕಾರ್ಯ ಕಡ್ಡಾಯವೇ? ಅದರ ಖರ್ಚು ಯಾರದು? ವಿದ್ಯಾರ್ಥಿ ಬರೆದ ಪ್ರಬಂಧ ಆ ಸಮುದಾಯಕ್ಕೆ ಅದರದೇ ಭಾಷೆಯಲ್ಲಿ ಮರಳಿ ತಲುಪುತ್ತದೆಯೇ? ಬೋಧಕರಲ್ಲಿ ಎಷ್ಟು ಮಂದಿ ಸಂಘಟನೆಯ ಕೆಲಸ ಮಾಡಿ ಬಂದವರು? ಈ ಪ್ರಶ್ನೆಗಳನ್ನು ವಿಭಾಗಕ್ಕೆ ಇಮೇಲ್ ಮಾಡಿ. ಬರುವ ಉತ್ತರದ ಧಾಟಿಯಿಂದಲೇ ಬಹಳಷ್ಟು ತಿಳಿಯುತ್ತದೆ.

ದೂರಶಿಕ್ಷಣವನ್ನು ಕಡೆಗಣಿಸಬೇಡಿ. ಕೆಲಸದಲ್ಲಿರುವವರಿಗೆ ತಮ್ಮ ಕಾರ್ಯಕ್ಷೇತ್ರವೇ ಪ್ರಯೋಗಶಾಲೆಯಾಗುವ ಅವಕಾಶ ಅದರಲ್ಲಿದೆ. ಆದರೆ ಬೇರೆ ಬೇರೆ ದೇಶಗಳಿಂದ ಬಂದ ಸಹಪಾಠಿಗಳ ಜೊತೆ ಒಂದೇ ಕೋಣೆಯಲ್ಲಿ ಕುಳಿತು ವಾದಿಸುವುದರಿಂದ ಆಗುವ ಲಾಭ ಅದರಲ್ಲಿ ಕಡಿಮೆ. ನನ್ನ ಆಯ್ಕೆ ಕೇಳಿದರೆ, ಹಣದ ಏರ್ಪಾಡು ಆಗುವುದಾದರೆ ಕ್ಷೇತ್ರಕಾರ್ಯವಿರುವ ಎರಡು ವರ್ಷದ ಪೂರ್ಣಾವಧಿ ಪದವಿ. ಆಗದಿದ್ದರೆ ಸಾಲ ಮಾಡುವ ಬದಲು ದೂರಶಿಕ್ಷಣ.

ಕ್ಷೇತ್ರ ಸಂಯೋಜಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಡಾವಳಿ ಪುಸ್ತಕಗಳನ್ನು ಓದಿ ನೋಡಿದೆ, ಮೇಡಂ. ಫಲಿಸಿದ ಊರಿನಲ್ಲಿ ನೀರಿನ ಶುಲ್ಕವನ್ನು ನಿಗದಿ ಮಾಡಿದ್ದು ಗುಂಪು, ಬದಲಾಯಿಸಿದ್ದೂ ಗುಂಪೇ. ಇನ್ನೊಂದರಲ್ಲಿ ಪ್ರತಿ ಸಭೆಯ ಕೊನೆಗೂ 'ಸಂಸ್ಥೆಯವರು ತಿಳಿಸಿದಂತೆ ಒಪ್ಪಲಾಯಿತು' ಎಂದು ಬರೆದಿದೆ. ಇದನ್ನೇ ಪ್ರಬಂಧದ ವಿಷಯವಾಗಿ ಬೆಳೆಸಬಹುದೇ? ವಿದ್ಯಾರ್ಥಿವೇತನಗಳ ಬಗ್ಗೆಯೂ ದಯವಿಟ್ಟು ತಿಳಿಸಿ.

ಬೋಧಕಿ

ಖಂಡಿತವಾಗಿ ಬೆಳೆಸಬಹುದು. ಸಾಮೂಹಿಕ ಸಂಪನ್ಮೂಲಗಳನ್ನು ಬಳಕೆದಾರರೇ ದೀರ್ಘಕಾಲ ನಿಭಾಯಿಸುವ ಬಗೆಯನ್ನು ಅಧ್ಯಯನ ಮಾಡಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಗುರುತಿಸಿದ ಎಂಟು ತತ್ತ್ವಗಳಲ್ಲಿ ಒಂದು ಇದೇ: ನಿಯಮಕ್ಕೆ ಒಳಪಡುವವರು ಆ ನಿಯಮವನ್ನು ಬದಲಿಸುವುದರಲ್ಲಿ ಪಾಲ್ಗೊಳ್ಳುವಂತಿರಬೇಕು. ತಮ್ಮ ಎರಡು ಪುಸ್ತಕಗಳು ಆ ತತ್ತ್ವವನ್ನು ಪರೀಕ್ಷಿಸಲು ಒಳ್ಳೆಯ ಆಧಾರ. ಆದರೆ ತಾವು ಕೆಲಸ ಮಾಡುವ ಸಂಸ್ಥೆಯನ್ನೇ ಅಧ್ಯಯನ ಮಾಡುವಾಗ ಜನರು ಮನಬಿಚ್ಚಿ ಮಾತನಾಡುವರೇ ಎಂಬ ತೊಡಕಿದೆ. ಸಂದರ್ಶನಗಳನ್ನು ಬೇರೆಯವರಿಂದ ಮಾಡಿಸುವ ಸಾಧ್ಯತೆಯನ್ನು ಈಗಲೇ ಯೋಚಿಸಿಡಿ.

ವಿದ್ಯಾರ್ಥಿವೇತನಗಳಲ್ಲಿ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ 2,800 ಗಂಟೆಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಕನಿಷ್ಠ 2 ವರ್ಷ ಅಲ್ಲಿರಬೇಕು. ಯುರೋಪಿನ ಎರಾಸ್ಮಸ್ ಮುಂಡುಸ್ ಜಂಟಿ ಪದವಿಗಳಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದುವ ಅವಕಾಶವಿದೆ. ಉದ್ದೇಶ ಪತ್ರದಲ್ಲಿ ಬಡವರ ಸೇವೆ ಮಾಡುವ ಹಂಬಲದ ಬಗ್ಗೆ ಒಂದು ವಾಕ್ಯವೂ ಬೇಡ. ಆಯ್ಕೆದಾರರು ಅಂಥ ವಾಕ್ಯಗಳನ್ನು ಪ್ರತಿ ಅರ್ಜಿಯಲ್ಲಿಯೂ ಓದುತ್ತಾರೆ. ಎರಡು ಊರುಗಳ ನಡಾವಳಿಯ ಈ ವ್ಯತ್ಯಾಸದಿಂದ ಪತ್ರವನ್ನು ಆರಂಭಿಸಿ, ಅದನ್ನು ಅರಿಯಲು ಯಾವ ವಿಧಾನ ಕಲಿಯಬೇಕಾಗಿದೆ ಎಂದು ಬರೆಯಿರಿ. ಶಿಫಾರಸು ಪತ್ರಗಳಲ್ಲಿ ಒಂದಾದರೂ ತಮ್ಮ ಕೆಲಸವನ್ನು ಕಣ್ಣಾರೆ ಕಂಡವರದಾಗಿರಲಿ. ಚೀವ್ನಿಂಗ್ ಅರ್ಜಿಗಳು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಅಥವಾ ನವೆಂಬರ್ ಹೊತ್ತಿಗೆ ಮುಚ್ಚುತ್ತವೆ, ಹಾಗಾಗಿ ಶಿಫಾರಸು ಬರೆಯುವವರನ್ನು ಅದಕ್ಕೆ ಎರಡು ತಿಂಗಳು ಮೊದಲೇ ಕೇಳಿಕೊಳ್ಳಿ.